ಚೀಟಿ ಇಲ್ಲದೆ ಕೊಟ್ಟ ಲಕೋಟೆ

ಹೋದ ವರ್ಷ ಮೊಣಕಾಲು ತೋರಿಸಲು ಪುಣೆಯ ವಿಮಾನ ನಗರದ ಒಂದು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ನನ್ನ ಮಗನಿಗಿಂತ ಚಿಕ್ಕವನು. ಕೂತಲ್ಲೇ ಏನನ್ನೋ ಒತ್ತಿದ. ಪರದೆಯ ಮೇಲೆ ನನ್ನ ಅವತ್ತಿನ ಮೊಣಕಾಲೂ ಆರು ವರ್ಷದ ಹಿಂದಿನ ಮೊಣಕಾಲೂ ಅಕ್ಕಪಕ್ಕ ಬಂದು ನಿಂತವು. ‘ಇದನ್ನೇ ನಿಮ್ಮ ಮಗಳ ಫೋನಿಗೂ ಕಳಿಸುತ್ತೇನೆ ಆಜಿ, ಕಳೆದುಹೋಗುವ ಚಿಂತೆಯೇ ಇಲ್ಲ’ ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಆ ಪರದೆಗೆ ಒಗೆಯಬೇಕು ಅನ್ನುವಷ್ಟು ಸಿಟ್ಟು ಬಂತು ನನಗೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ನನಗೆ ನೆನಪಾದದ್ದು ಬೇರೊಬ್ಬ ಹೆಂಗಸು, ಅವಳ ಮೂರು ಎಕ್ಸ್‌ರೇ ಫಿಲ್ಮು, ಮತ್ತು ಅವು ಕಳೆದುಹೋದದ್ದರಲ್ಲಿ ನನ್ನ ಪಾಲು.

ಎಪ್ಪತ್ತರ ದಶಕದ ನಡುವೆ ನಾನು ಪುಣೆಯ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲ್ಮು ಕಾಯುವ ಗುಮಾಸ್ತೆಯಾಗಿ ಸೇರಿದೆ. ಬಿಜಾಪುರದ ಕಡೆಯಿಂದ ಮದುವೆಯಾಗಿ ಬಂದವಳು, ಪೇಟೆಯ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆಯ ಸಂಸಾರ. ನನ್ನ ಕಚೇರಿ ಎಂದರೆ ಎಕ್ಸ್‌ರೇ ವಿಭಾಗದ ಬೆನ್ನಿಗಿದ್ದ ಉದ್ದನೆಯ ಕತ್ತಲೆ ಕೋಣೆ, ಕಬ್ಬಿಣದ ರ‍್ಯಾಕುಗಳು, ಅವುಗಳ ತುಂಬ ಖಾಕಿ ಲಕೋಟೆಗಳು, ಮುಂದೊಂದು ಕಿಂಡಿ. ಪಕ್ಕದ ಡಾರ್ಕ್ ರೂಮಿನಲ್ಲಿ ಫಿಲ್ಮು ತೊಳೆಯುವ ಹೈಪೋ ದ್ರಾವಣದ ವಾಸನೆ ನನ್ನ ಸೀರೆಗೆ ಹತ್ತಿಕೊಂಡು ಮನೆಗೂ ಬರುತ್ತಿತ್ತು. ಪ್ರತಿ ಫಿಲ್ಮು ಒಂದೇ ಒಂದು, ಎರಡನೆಯ ಪ್ರತಿ ಎಂಬುದೇ ಇಲ್ಲ. ಡಾಕ್ಟರಿಗೆ ಬೇಕಾದರೆ ರೋಗಿಯ ಕಡೆಯವರು ನಂಬರಿನ ಚೀಟಿ ಕಿಂಡಿಯಲ್ಲಿ ಕೊಡಬೇಕು, ನಾನು ಲಕೋಟೆ ಹುಡುಕಿ ಕೊಡಬೇಕು, ಅವರು ರಿಜಿಸ್ಟರಿನಲ್ಲಿ ಸಹಿ ಹಾಕಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ವಾರ್ಡಿಗೆ ಓಡಬೇಕು. ಪೊಲೀಸ್ ಕೇಸಿನ ಫಿಲ್ಮುಗಳಿಗೆ ಮಾತ್ರ ಬೀಗ ಹಾಕಿದ ಬೇರೆ ಕಪಾಟು. ಅವು ಹವಾಲ್ದಾರನ ಕೈಗೆ ಬಿಟ್ಟು ಇನ್ಯಾರ ಕೈಗೂ ಹೋಗುತ್ತಿರಲಿಲ್ಲ.

ಆ ಲಕೋಟೆಗಳಲ್ಲಿ ಇದ್ದದ್ದು ಬರೀ ಹೊಡೆದಾಟ. ಹಾಗೆ ಹೇಳಿದರೆ ಅತಿಯಾಯಿತು, ಕ್ಷಯದ ಎದೆಗಳೂ ಇದ್ದವು, ನಾಣ್ಯ ನುಂಗಿದ ಮಕ್ಕಳೂ ಇದ್ದರು. ಆದರೆ ನನ್ನ ಕಣ್ಣಿಗೆ ಬಿದ್ದು ಉಳಿದದ್ದು ಮುರಿದವು. ಯೆರವಡಾ ಜೈಲಿನಿಂದ ಬೇಡಿ ಹಾಕಿ ಕರೆತಂದವನ ಭುಜದಲ್ಲಿ ಉಳಿದ ಚಾಕುವಿನ ತುದಿ, ಕಾರ್ಖಾನೆಯ ಗೇಟಿನಲ್ಲಿ ಕಬ್ಬಿಣದ ಸಲಾಕೆ ಬಿದ್ದ ತಲೆ, ಮಾವ ಬಾಗಿಲಿಗೆ ಸಿಕ್ಕಿಸಿ ಒತ್ತಿದ ಸೊಸೆಯ ಬೆರಳುಗಳು. ಮೊದಲ ತಿಂಗಳು ಊಟ ಸೇರಲಿಲ್ಲ. ಆಮೇಲೆ ಆ ಲಕೋಟೆಗಳ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಉಣ್ಣತೊಡಗಿದೆ. ನನ್ನ ಕೈಯೂ ಏನು ಹಗುರವಲ್ಲ. ಮಗಳು ಲೆಕ್ಕ ತಪ್ಪಿದರೆ ಬೆನ್ನ ಮೇಲೆ ಸ್ಕೇಲು ಬೀಳುತ್ತಿತ್ತು, ಅದನ್ನು ನಾನು ಹೊಡೆತ ಎಂದು ಎಣಿಸಿಯೇ ಇರಲಿಲ್ಲ.

ಫಿಲ್ಮು ಓದುವುದನ್ನು ಕಲಿಸಿದವರು ಎಕ್ಸ್‌ರೇ ತೆಗೆಯುತ್ತಿದ್ದ ಮರಾಠಿ ಮುದುಕರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಒಂದು ದಿನ ಎರಡು ಕೈಗಳ ಫಿಲ್ಮು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಇವರಲ್ಲಿ ಯಾರು ಬಿದ್ದವರು, ಯಾರು ಹೊಡೆಸಿಕೊಂಡವರು ಹೇಳು ಎಂದರು. ಅವರೇ ಬಿಡಿಸಿ ಹೇಳಿದರು. ಬಿದ್ದವರು ಅಂಗೈ ಊರುತ್ತಾರೆ, ಅದಕ್ಕೆ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಹೊಡೆಸಿಕೊಳ್ಳುವವರು ತಲೆ ಉಳಿಸಿಕೊಳ್ಳಲು ಮುಂಗೈ ಎತ್ತಿ ಅಡ್ಡ ಹಿಡಿಯುತ್ತಾರೆ, ಅದಕ್ಕೆ ಕಿರುಬೆರಳಿನ ಕಡೆಯ ಎಲುಬು ನಡುವಿಗೇ ಮುರಿಯುತ್ತದೆ. ಆಮೇಲೆ ನಾನು ಆ ಕೋಣೆಯಲ್ಲಿ ಕೂತು ಎಷ್ಟೋ ಸುಳ್ಳು ಹಿಡಿದೆ. ಯಾರಿಗೂ ಹೇಳಲು ಹೋಗಲಿಲ್ಲ, ಏಕೆಂದರೆ ಯಾರೂ ನನ್ನನ್ನು ಕೇಳಿರಲಿಲ್ಲ.

ಆ ಹೆಂಗಸು ಮೊದಲು ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಗುಲ್ಬರ್ಗದ ಕಡೆಯವಳು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವವಳು, ಯೆರವಡಾದ ಜೋಪಡಪಟ್ಟಿಯಲ್ಲಿ ವಾಸ. ಹೆಸರು ಬರೆಯುವ ಕಿಂಡಿಯವನಿಗೆ ಅವಳ ಮಾತು ತಿಳಿಯದೆ ನನ್ನನ್ನು ಕರೆಸಿದ. ಮರಾಠಿ ರಿಜಿಸ್ಟರಿಗೆ ಹೆಂಗಸಿನ ಹೆಸರು, ಗಂಡನ ಹೆಸರು, ಅಡ್ಡಹೆಸರು ಮೂರೂ ಬೇಕು. ಅವಳು ತನ್ನ ಹೆಸರೊಂದನ್ನೇ ಹೇಳಿದಳು.

‘ಗಂಡನ ಹೆಸರೇನವ್ವಾ?’

‘ಅದನ್ನ ಹ್ಯಾಂಗ ಹೇಳ್ಲಿರಿ ಅಕ್ಕಾರ?’

‘ಕೈ ಹ್ಯಾಂಗ ಮುರೀತು?’

‘ಬಿದ್ದೀನ್ರಿ.’

ಅವಳ ಎಡಗೈಯ ಎಲುಬು ನಡುವಿಗೇ ಎರಡಾಗಿತ್ತು. ಆ ಕೈ ಮುರಿದವನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಇವಳು ತುಟಿ ಬಿಗಿದು ನಿಂತಿದ್ದಳು. ನನಗೆ ಅವಳ ಕೆನ್ನೆಗೇ ಒಂದು ಬಾರಿಸಬೇಕೆನಿಸಿತು. ಆದರೆ ನಾನೂ ನನ್ನ ಗಂಡನ ಹೆಸರನ್ನು ಅವತ್ತಿನವರೆಗೆ ಬಾಯಿಬಿಟ್ಟು ಹೇಳಿದವಳಲ್ಲ, ಕಾಗದದ ಮೇಲೆ ಬರೆದು ತೋರಿಸುತ್ತಿದ್ದೆ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಕಿಂಡಿಯವನು ಬೇಸತ್ತು, ಅವಳನ್ನು ಕರೆತಂದಿದ್ದ ಕೂಲಿಯಾಳುಗಳ ಮುಕಾದಮನ ಹೆಸರನ್ನೇ ಗಂಡನ ಜಾಗದಲ್ಲಿ ಗೀಚಿದ.

ಮುಂದಿನ ವರ್ಷ ಪಕ್ಕೆಲುಬು ಮುರಿದುಕೊಂಡು ಬಂದಾಗ ಅತ್ತೆ ಜೊತೆಗಿದ್ದಳು. ಅವಳು ಮಗನನ್ನು ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಬರೆಸಿದಳು. ಅದಾಗಿ ಏಳೆಂಟು ತಿಂಗಳಿಗೆ ದವಡೆ ಒಡೆದಿತ್ತು, ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಕರೆತಂದ ನೆರೆಮನೆಯವಳು ಗಾಬರಿಯಲ್ಲಿ ಏನು ಹೇಳಿದಳೋ, ಕಿಂಡಿಯವನು ಏನು ಬರೆದುಕೊಂಡನೋ. ಆಸ್ಪತ್ರೆಯ ಪದ್ಧತಿಯಲ್ಲಿ ಪ್ರತಿ ಸಲ ಬಂದಾಗಲೂ ಹೊಸ ನಂಬರು. ಹೀಗೆ ನನ್ನ ರ‍್ಯಾಕುಗಳಲ್ಲಿ ಅವಳು ಮೂರು ಬೇರೆ ಬೇರೆ ಹೆಂಗಸರಾಗಿ ಮಲಗಿದ್ದಳು. ಒಬ್ಬಳು ಬಿದ್ದು ಕೈ ಮುರಿದುಕೊಂಡವಳು, ಒಬ್ಬಳು ಬಿದ್ದು ಪಕ್ಕೆ ಮುರಿದುಕೊಂಡವಳು, ಮತ್ತೊಬ್ಬಳು ಬಿದ್ದು ದವಡೆ ಒಡೆದುಕೊಂಡವಳು.

ದವಡೆಗೆ ಹಾಕಿದ ತಂತಿ ಬಿಚ್ಚುವ ದಿನ ಅವಳು ಎಂಟು ವರ್ಷದ ಮಗಳನ್ನೂ ಕರೆದುಕೊಂಡು ನನ್ನ ಕಿಂಡಿಗೆ ಬಂದಳು. ಹುಡುಗಿಯ ಕಿವಿ ಊದಿ ನೀಲಿಯಾಗಿತ್ತು.

‘ಈಗ ಇದರ ಮ್ಯಾಲೂ ಕೈ ಎತ್ತಲಿಕತ್ತಾನ್ರಿ. ನನ್ನ ಹೊಡದ್ರ ಹೊಡೀಲಿ, ಕೂಸಿಗಿ ಬ್ಯಾಡ. ಎಲ್ಲಿ ಹೇಳ್ಬೇಕು ಹೇಳ್ರಿ, ಹೇಳ್ತೀನಿ.’

ನಾನು ಆ ಮೂರು ಲಕೋಟೆಗಳನ್ನು ಹುಡುಕಲು ಎರಡು ದಿನ ತೆಗೆದುಕೊಂಡೆ. ಸೊಂಟ ಬಿದ್ದುಹೋಯಿತು. ಸಿಕ್ಕಿದ ಮೇಲೆ ನಿಯಮವನ್ನು ಗಾಳಿಗೆ ತೂರಿ ಮೂರನ್ನೂ ಒಂದೇ ಲಕೋಟೆಗೆ ಹಾಕಿ, ಮೇಲೆ ಅವಳ ಹೆಸರನ್ನು ಕನ್ನಡದಲ್ಲಿ ಬರೆದೆ. ಮೂಳೆ ವಿಭಾಗದಲ್ಲಿದ್ದ ಎಳೆಯ ಲೇಡಿ ಡಾಕ್ಟರಿಗೆ ಒಯ್ದು ತೋರಿಸಿದೆ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಒಂದು ಬಿಡಿ ಫಿಲ್ಮು ಇಟ್ಟುಕೊಂಡು ಹೋದರೆ ಪೊಲೀಸರು ಬಿದ್ದಿರಬೇಕು ಎನ್ನುತ್ತಾರೆ, ಮೂರು ಒಟ್ಟಿಗೆ ಇದ್ದರೆ ಅವರಿಗೆ ಹಾಗೆನ್ನಲು ಆಗುವುದಿಲ್ಲ, ಸೋಮವಾರ ಅವಳನ್ನು ಕರೆಸು, ಹವಾಲ್ದಾರನ ಎದುರಿಗೆ ನಾನೇ ಬರೆದುಕೊಡುತ್ತೇನೆ ಎಂದರು. ಅವಳಿಗೂ ಮಗಳಿಗೂ ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ ಜಾಗ ಕೇಳಿಯೂ ಇಟ್ಟರು. ನನಗೆ ನನ್ನ ಬಗ್ಗೆ ಹಮ್ಮು ಬಂದದ್ದು ಸುಳ್ಳಲ್ಲ. ಇಷ್ಟು ವರ್ಷ ಲಕೋಟೆ ಎತ್ತಿಟ್ಟವಳು ಒಂದು ಜೀವವನ್ನೇ ಮೇಲೆತ್ತುತ್ತಿದ್ದೇನೆ ಎಂದುಕೊಂಡೆ. ಆ ಲಕೋಟೆಯನ್ನು ಪೊಲೀಸ್ ಕಪಾಟಿನಲ್ಲಿ ಇಡುವಂತಿರಲಿಲ್ಲ, ಕೇಸು ಇನ್ನೂ ಆಗಿರಲಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ.

ಶನಿವಾರ ಬೆಳಿಗ್ಗೆ ಕಿಂಡಿಯ ಎದುರು ಒಬ್ಬ ಬಂದು ಕೈ ಮುಗಿದ. ಒಗೆದ ಬಿಳಿ ಅಂಗಿ, ಹಣೆಗೆ ವಿಭೂತಿ, ತಗ್ಗಿದ ದನಿ.

‘ನಮಸ್ಕಾರ್ರಿ ಅಕ್ಕಾರ. ತಾವು ನಮ್ಮ ಕಡಿಯವ್ರಂತ. ನಮ್ಮ ತಂಗೀಗಿ ಭಾಳ ಉಪಕಾರ ಮಾಡೀರಿ.’

ತಾನು ಅವಳ ಅಣ್ಣ, ಸುದ್ದಿ ತಿಳಿದು ಊರಿಂದ ಸೊಲ್ಲಾಪುರದ ಗಾಡಿ ಹಿಡಿದು ಬಂದೆ ಎಂದ. ಸೋಮವಾರ ಹವಾಲ್ದಾರ ಬರುವುದು ಅವನಿಗೆ ಗೊತ್ತಿತ್ತು, ಲೇಡಿ ಡಾಕ್ಟರು ಬರೆದುಕೊಡುವುದೂ ಗೊತ್ತಿತ್ತು. ಅದಕ್ಕೆ ಮೊದಲು ಒಬ್ಬ ವಕೀಲರಿಗೆ ಫೋಟೋ ತೋರಿಸಬೇಕು, ಸೋಮವಾರ ತಂಗಿಯ ಜೊತೆ ತಾನೇ ತರುತ್ತೇನೆ ಎಂದ.

‘ಅಂಥಾ ಗಂಡನ ಕೈ ಕಡೀಬೇಕ್ರಿ ಅಕ್ಕಾರ’ ಎನ್ನುತ್ತಾ ಕಣ್ಣೊರೆಸಿಕೊಂಡ.

‘ಕಡೀರಿ, ಯಾರು ಬ್ಯಾಡ ಅಂತಾರ’ ಎಂದೆ ನಾನು.

ನಂಬರಿನ ಚೀಟಿ ಅವನ ಹತ್ತಿರ ಇರಲಿಲ್ಲ. ಮರಾಠಿಯವನೊಬ್ಬ ಚೀಟಿಯಿಲ್ಲದೆ ಬಂದಿದ್ದರೆ ಬೈದು ಅಟ್ಟುತ್ತಿದ್ದೆ, ಅಂಥ ವಿಷಯದಲ್ಲಿ ನಾನು ಇಡೀ ಆಸ್ಪತ್ರೆಯಲ್ಲಿ ಹೆಸರಾದವಳು. ಆದರೆ ಇವನು ನಮ್ಮವನು. ದಿನವಿಡೀ ಮರಾಠಿ ಮಾತಾಡಿ ದಣಿದ ನಾಲಿಗೆಗೆ ನಮ್ಮ ಮಾತು ಬಿದ್ದರೆ ನನಗೆ ಬುದ್ಧಿ ಮಂಕಾಗುತ್ತಿತ್ತು. ಕನ್ನಡ ಆಡುವವನು ಮೋಸ ಮಾಡಬಹುದು ಎಂಬುದು ಊರಿನಲ್ಲಿದ್ದರೆ ಗೊತ್ತಿರುತ್ತದೆ, ಪುಣೆಗೆ ಬಂದವರು ಅದನ್ನು ಮರೆತುಬಿಡುತ್ತೇವೆ. ಖಾನೆ ಎಳೆದು ಲಕೋಟೆ ಕೊಟ್ಟೆ. ಅವನು ರಿಜಿಸ್ಟರಿನಲ್ಲಿ ದುಂಡಗೆ ಕನ್ನಡದಲ್ಲಿ ಸಹಿ ಮಾಡಿದ. ಅದನ್ನು ನೋಡಿಯೂ ಖುಷಿಪಟ್ಟೆ.

ಸೋಮವಾರ ಅವಳು ಮಗಳ ಕೈ ಹಿಡಿದು ಒಬ್ಬಳೇ ಬಂದಳು. ಹವಾಲ್ದಾರ ಬೆಂಚಿನ ಮೇಲೆ ಕೂತಿದ್ದ, ಲೇಡಿ ಡಾಕ್ಟರು ಪೆನ್ನು ತೆಗೆದಿದ್ದರು.

‘ನಿಮ್ಮ ಅಣ್ಣ ಎಲ್ಲವ್ವಾ? ಲಕೋಟಿ ತರ್ತೀನಿ ಅಂದಿದ್ದ’ ಎಂದು ಕೇಳಿದೆ.

‘ನನಗ ಅಣ್ಣ ತಮ್ಮ ಯಾರೂ ಇಲ್ರಿ’ ಎಂದಳು.

ಅವನ ಚಹರೆ ಹೇಳಿದೆ. ಅದು ಅವಳ ಗಂಡನದೇ ಆಗಿತ್ತು. ಮಗಳನ್ನು ಹೊಡೆಯಲು ಬಂದವನಿಗೆ ಹೆದರಿಕೆ ಹಾಕಲು ಅವಳೇ ಎಲ್ಲವನ್ನೂ ಹೇಳಿದ್ದಳು. ನೀನು ಮಾಡಿದ್ದೆಲ್ಲ ದವಾಖಾನೆಯಲ್ಲಿ ಒಂದೇ ಲಕೋಟೆಯಲ್ಲಿ ಅದೆ, ಸೋಮವಾರ ಪೊಲೀಸರ ಕೈಗೆ ಹೋಗುತ್ತದೆ, ಕೂಸಿನ ತಂಟೆಗೆ ಬರಬೇಡ ಎಂದಿದ್ದಳು. ನಾನು ನಿಯಮದಂತೆ ಮೂರನ್ನೂ ಮೂರು ಜಾಗದಲ್ಲಿ ಬಿಟ್ಟಿದ್ದರೆ ಅವನು ಜನ್ಮ ಪೂರ್ತಿ ಹುಡುಕಿದರೂ ಸಿಗುತ್ತಿರಲಿಲ್ಲ. ನಾನೇ ಕೂಡಿಸಿ, ಹೆಸರು ಬರೆದು, ಕೈಗೆತ್ತಿ ಕೊಟ್ಟೆ. ಹವಾಲ್ದಾರ ವಹಿ ಮುಚ್ಚಿ, ಇದು ಮನೆಯೊಳಗಿನ ಮಾತು, ನೀವೇ ಬಗೆಹರಿಸಿಕೊಳ್ಳಿ ಎಂದು ಎದ್ದ. ಲೇಡಿ ಡಾಕ್ಟರು ನನ್ನ ಮುಖ ನೋಡಲಿಲ್ಲ. ಆಶ್ರಮಕ್ಕೆ ಹೋಗಲು ಪೊಲೀಸರ ಕಾಗದ ಬೇಕಿತ್ತು, ಅದೂ ನಿಂತಿತು.

ನನಗೆ ಆಗ ಬಂದ ಸಿಟ್ಟನ್ನು ಇವತ್ತು ನೆನೆದರೂ ಮೈ ಬಿಸಿಯಾಗುತ್ತದೆ. ಅರ್ಧ ದಿನದ ರಜೆ ಬರೆದು ಎಸೆದು, ಅವಳ ಹಿಂದೆಯೇ ಬಸ್ಸು ಹತ್ತಿದೆ. ಬರಬೇಡಿ ಎಂದು ಅವಳು ದಾರಿಯಲ್ಲಿ ಎರಡು ಸಲ ಹೇಳಿದಳು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಜೈಲಿನ ಗೋಡೆ ದಾಟಿ, ಮೋರಿಯ ಪಕ್ಕದ ಸಂದಿಯಲ್ಲಿ ಅವರ ಜೋಪಡಿ. ಅವನು ಹೊರಗೆ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ತಗಡಿನ ಬಾಗಿಲ ಪಕ್ಕದ ಕಿಟಕಿಗೆ ಹೊಸದಾಗಿ ಮೂರು ಹಾಳೆ ಹೊಡೆದಿದ್ದ, ತೆಳು ನೀಲಿ ಬಣ್ಣದವು. ಬಿಸಿನೀರಿಗೆ ಸೋಡಾ ಹಾಕಿ ಫಿಲ್ಮು ನೆನೆಸಿಟ್ಟು ತಿಕ್ಕಿದರೆ ಮೇಲಿನ ಕರಿ ಕಿತ್ತುಬಂದು ಗಾಜಿನಂತೆ ಉಳಿಯುತ್ತದೆ. ಅವಳ ಕೈ, ಪಕ್ಕೆ, ದವಡೆ ಮೂರನ್ನೂ ಅವನು ಹಾಗೆ ತೊಳೆದಿದ್ದ. ಒಂದರ ಮೂಲೆಯಲ್ಲಿ ನಮ್ಮ ಆಸ್ಪತ್ರೆಯ ನಂಬರಿನ ಒಂದು ಅಂಕಿ ಮಾತ್ರ ಅರ್ಧ ಉಳಿದಿತ್ತು.

‘ಬರ್ರಿ ಅಕ್ಕಾರ, ಚಾ ಕುಡೀರಿ’ ಎಂದ. ನಗುತ್ತಿದ್ದ.

ಕಾಲಿನಿಂದ ಚಪ್ಪಲಿ ಯಾವಾಗ ಕೈಗೆ ಬಂತೋ ತಿಳಿಯಲಿಲ್ಲ. ಮೊದಲನೆಯ ಏಟು ಆ ನಗುವಿನ ಮೇಲೆಯೇ ಬಿತ್ತು. ಬೀಡಿ ಹಾರಿತು. ಎರಡನೆಯದು ಕಿವಿಗೆ, ಮೂರನೆಯದು ಹಣೆಗೆ, ಆಮೇಲೆ ಎಲ್ಲೆಂದರಲ್ಲಿ. ಹಿಮ್ಮಡಿಯ ಮೊಳೆ ತಾಗಿ ಹುಬ್ಬು ಒಡೆದು ಅವನ ಬಿಳಿ ಅಂಗಿಗೆ ರಕ್ತ ಸುರಿಯಿತು. ಇಡೀ ಸಂದಿ ಸೇರಿತು. ಗಂಡಸರು ನಕ್ಕರು, ಒಬ್ಬ ಸಿಳ್ಳೆ ಹಾಕಿದ. ಅವನ ತಾಯಿ ಎದೆ ಬಡಿದುಕೊಂಡಳು. ಅವನು ಕೈ ಎತ್ತಲಿಲ್ಲ, ತಿರುಗಿ ಒಂದು ಮಾತೂ ಆಡಲಿಲ್ಲ, ತಲೆ ತಗ್ಗಿಸಿ ನಿಂತು ಅಷ್ಟನ್ನೂ ತಿಂದ. ಪೇಟೆಯ ಸರ್ಕಾರಿ ಹೆಂಗಸಿನ ಮೇಲೆ ಕೈ ಮಾಡಿದರೆ ಏನಾಗುತ್ತದೆಂಬ ಲೆಕ್ಕ ಅವನಿಗಿತ್ತು. ನಾನು ತೋಳು ಸೋತ ಮೇಲೆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಮ್ಮೆ ಇವಳನ್ನು ಮುಟ್ಟಿದರೆ ನೋಡು ಎಂದು ಹೇಳಿ ಬಸ್‌ಸ್ಟಾಪಿಗೆ ನಡೆದೆ. ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾನ ಚಹಾದ ಹೊತ್ತಿಗೆ ಅದನ್ನೆಲ್ಲ ಅಭಿನಯ ಮಾಡಿ ತೋರಿಸುತ್ತಿದ್ದೆ. ಕೈಯಲ್ಲಿ ಚಪ್ಪಲಿಯ ಬದಲು ಖಾಲಿ ಲಕೋಟೆ ಹಿಡಿದಿದ್ದೆ. ಆಗ ಸ್ಟ್ರೆಚರ್ ಬಂತು. ಮುಖ ಊದಿ ಕಣ್ಣು ಮುಚ್ಚಿಹೋಗಿದ್ದರಿಂದ ನಾನು ಅವಳನ್ನು ಗುರುತಿಸಲಿಲ್ಲ, ಹಿಂದೆ ನಡೆದುಬರುತ್ತಿದ್ದ ಹುಡುಗಿಯನ್ನು ಗುರುತಿಸಿದೆ. ಕಾಕಾ ಚಹಾ ಕೆಳಗಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಸಿ ಫಿಲ್ಮನ್ನು ಕ್ಲಿಪ್ಪಿನಲ್ಲಿ ಹಿಡಿದು ಹೊರಗೆ ಬಂದು ಟ್ಯೂಬ್‌ಲೈಟಿಗೆ ಎತ್ತಿದರು. ನೀರು ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ‘ಎರಡೂ ಕೈ’ ಎಂದರು ಮರಾಠಿಯಲ್ಲಿ. ಎಡಗೈಯ ಹಳೆಯ ಮುರಿತ ಕೂಡಿಕೊಂಡ ಗಂಟಿನ ಪಕ್ಕದಲ್ಲೇ ಹೊಸದು. ಬಲಗೈಯಲ್ಲಿ ಎರಡು ಕಡೆ. ಸಂದಿಯ ಜನರ ಎದುರು ತಿಂದ ಏಟುಗಳನ್ನು ಅವನು ಬಾಗಿಲು ಹಾಕಿಕೊಂಡು ಒಂದೊಂದಾಗಿ ಅವಳಿಗೆ ದಾಟಿಸಿದ್ದ. ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಕೇಸು ಆಯಿತು. ಫಿಲ್ಮು ಬೀಗದ ಕಪಾಟಿಗೆ ಹೋಯಿತು. ಕೋರ್ಟಿನಲ್ಲಿ ಅವನ ವಕೀಲ, ಹಳೆಯ ಫಿಲ್ಮುಗಳನ್ನು ಚೀಟಿ ಇಲ್ಲದೆ ಏಕೆ ಕೊಟ್ಟಿರಿ, ಕಕ್ಷಿದಾರನನ್ನು ಚಪ್ಪಲಿಯಿಂದ ಹೊಡೆದದ್ದು ನಿಜವೇ ಎಂದು ಕೇಳಿದ. ಎರಡಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಚೇರಿಯಿಂದ ನನಗೆ ಒಂದು ಮೆಮೊ ಬಂತು, ಅವನು ಶಿಕ್ಷೆಯಾಗಿ ಮನೆಯ ಹತ್ತಿರದ ಜೈಲಿಗೇ ಹೋದ. ಲೇಡಿ ಡಾಕ್ಟರು ತಾಯಿ ಮಗಳಿಬ್ಬರನ್ನೂ ಆಶ್ರಮಕ್ಕೆ ಸೇರಿಸಿದರು. ಎಲ್ಲರೂ ಕೊನೆಗೆ ಒಳ್ಳೆಯದೇ ಆಯಿತು ಎಂದರು. ನಾನೂ ಕೆಲವು ದಿನ ಹಾಗೇ ಹೇಳಿಕೊಂಡು ತಿರುಗಿದೆ, ಅವನು ಒಳಗೆ ಹೋದದ್ದು ನನ್ನ ಚಪ್ಪಲಿಯಿಂದಲೇ ಎಂದು ಕೂಡ ಒಮ್ಮೆ ಅಂದೆ.

ಹೀಗೆ ಹೇಳಿಕೊಳ್ಳುವುದು ನಿಂತದ್ದು ಅವಳು ಆಡಿದ ಒಂದು ಮಾತಿನಿಂದ. ಅವಳಿನ್ನೂ ವಾರ್ಡಿನಲ್ಲಿದ್ದಾಗಿನ ಮಾತು ಅದು. ಆಡಿದಾಗ ನಾನು ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ಎರಡು ಕೈಗೂ ಬೆರಳಿನಿಂದ ತೋಳಿನವರೆಗೆ ಪ್ಲಾಸ್ಟರ್. ಮಗಳು ಮಂಚದ ಮೇಲೆ ಕೂತು ಅನ್ನ ಕಲಸಿ ತಾಯಿಯ ಬಾಯಿಗೆ ಇಡುತ್ತಿದ್ದಳು. ನನ್ನನ್ನು ಕಂಡದ್ದೇ ತಟ್ಟೆ ಬಿಟ್ಟು ಮಂಚದ ಆಚೆ ಹೋಗಿ ತಾಯಿಯ ತಲೆಯ ಹಿಂದೆ ನಿಂತಳು. ಬಾ ಎಂದರೆ ಬರಲಿಲ್ಲ. ನಾನು ತಂದಿದ್ದ ಬಾಳೆಹಣ್ಣನ್ನೂ ಮುಟ್ಟಲಿಲ್ಲ.

‘ನನ್ನಿಂದ ಭಾಳ ತಪ್ಪಾತವ್ವಾ, ಆ ಲಕೋಟಿ ಕೊಡಬಾರದಿತ್ತು’ ಎಂದೆ. ಅತ್ತುಬಿಟ್ಟೆ ಕೂಡ. ಅತ್ತದ್ದು ನಿಜವಾಗಿಯೂ.

ಅವಳು ಊದಿದ ಕಣ್ಣಿನ ಸಂದಿನಿಂದ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ತಿಳಿಯದವರಿಗೆ ತಿಳಿಸಿ ಹೇಳುವ ದನಿ ಇತ್ತು.

‘ಲಕೋಟಿ ಕೊಟ್ಟದ್ದಕ್ಕ ನಾ ಏನೂ ಅನ್ನಂಗಿಲ್ರಿ ಅಕ್ಕಾರ. ಅವನ ಮಾತಿಗಿ ನಾನೂ ಮಳ್ಳಾದಾಕಿನ. ಆದ್ರ ನೀವು ಹೊಡದು ನಿಮ್ಮ ಮನೀಗಿ ಹೋದ್ರಿ. ನಾ ಅಲ್ಲೇ ಇದ್ನಿರಿ.’